ನಾಲ್ಕಕ್ಕೂ ಐದಕ್ಕೂ ನಡುವ

ಜನವಾಡದ ಕಡಿಂದ ಬೀದರ ಏರಬೇಕಾದ್ರ
ಒಂದು ತಿರುವು ಅದ.
ಒಂದು ಬಾಜು ಕೆಂಪು ಮುರುಮಿನ ಗ್ವಾಡಿ, ಇನ್ನೊಂದು ಬಾಜು ಬರೀ ಗಾಳಿ.
ಅಲ್ಲೇ, ಬರೋಬ್ಬರಿ ಅಲ್ಲೇ
ನನ್ನ ಸೈಕಲ್ ತೊದಲತದ:
ಕಟ್. ಕಟ್. ಕರ್ರ್. ಕಟ್.
ನಾಲ್ಕಂದ್ರ ನಾಲ್ಕಲ್ಲ, ಐದಂದ್ರ ಐದಲ್ಲ,
ಹೊಸ್ತಿಲ ಮ್ಯಾಲ ನಿಂತ ಬೀಗರಂಗ ಚೈನು,
ಒಳಗ ಬಾ ಅಂದ್ರ ಬರಲ್ಲ
ಹೋಗು ಅಂದ್ರ ಹೋಗಲ್ಲ.

ಲಿವರ್ ಒತ್ತಿದೆ. ಮತ್ತ ಒತ್ತಿದೆ.
ಒಮ್ಮಿಗೇ ಎರಡು ಮೆಟ್ಟಲ ಹಾರಿ
ಮೊಣಕಾಲು ಗಾಳಿ ತುಳೀತು.
ಹಿಂದಿನ ಟಂಟಂದಾಗ ಕುಂತ ಹೆಣಮಕ್ಕಳು
"ಯಕ್ಕಾ, ಇಳದು ನೂಕಬೇ!" ಅಂದು ನಕ್ಕರು.
ನಾನೂ ನಕ್ಕೆ, ಉಸುರು ಇದ್ದಷ್ಟು.

ದವಾಖಾನಿ ಲ್ಯಾಬಿನಾಗ ನನ್ನ ಕೆಲಸ ರಕ್ತ ನೋಡೋದು.
ನೋವು ಒಂದು ಕಡಿ, ಬ್ಯಾನಿ ಇನ್ನೊಂದು ಕಡಿ,
ಇಷ್ಟು ನನಗ ಗೊತ್ತಿರಬೇಕಿತ್ತು.
ಆದ್ರೂ ಹದಿನೈದು ದಿನ
ಹಿಂದಿನ ಆ ಸಣ್ಣ ತಿರುಪು ಹಿಡದು ಕುಂತೆ.
ಕಾಲು ಸುತ್ತು ಒಳಗ, ಅರ್ಧ ಸುತ್ತು ಹೊರಗ.
ದೊಡ್ಡ ಗಾಲಿಗೆ ಸಮ ಆದ್ರ ಸಣ್ಣದಕ್ಕ ಸಿಟ್ಟು,
ಸಣ್ಣದಕ್ಕ ಸಮ ಆದ್ರ ನಡುವಿನವೆಲ್ಲ ಮುನಿಸು.
ಕಡಿಗೆ, ಎಲ್ಲಿಂದ ಸುರು ಮಾಡಿದ್ದೆ
ಅಂಬೋದೇ ಮರತೆ.

ಮಂಗಲಪೇಟದ ಖದೀರ್ ಮಿಸ್ತ್ರಿ,
ನಲವತ್ತು ವರ್ಷ ಹಾಲಿನವರ, ಟಪಾಲಿನವರ ಸೈಕಲ್ ನೋಡಿದ ಕಣ್ಣು,
ನನ್ನದನ್ನ ಹಗ್ಗಕ್ಕ ತೂಗುಹಾಕಿ ಕೇಳಿದ:
"ಹನ್ನೊಂದು ಗಾಲಿ ಯಾಕವ್ವಾ ಇದಕ್ಕ?
ನಿನಗ ಕೊಟ್ಟಿದ್ದು ಎರಡೇ ಕಾಲು."
ಪೆಡಲ್ ತಿರುವಿದ. ರೋಡಿನ ಕಡಿ ಮಾರಿ ಮಾಡಿ,
ಕಿವಿಯಷ್ಟೇ ಇಲ್ಲಿಟ್ಟು ಕೇಳಿದ.

"ಏನೇನು ತಿರುವಿದಿ?"
ಎಲ್ಲಾ.
"ಇನ್ನ ಮುಟ್ಟಬ್ಯಾಡ.

ನೌಬಾದಿನ ಸುರಂಗಬಾವಿ ನೋಡಿಯಿಲ್ಲೋ?
ನೀರು ನೆಲದ ಒಳಗೊಳಗೇ ನಡೀತದ.
ಎಲ್ಲಿ ತಡೀತು ಅಂತ
ಬಾವ್ಯಾಗ ಬಗ್ಗಿ ನೋಡಿದ್ರ ತಿಳಿಯಲ್ಲ."
ಕರಿ ಕೊಳವಿಯಿಂದ ಕೇಬಲ್ ಎಳದ,
ಅರಿವಿ ಹಚ್ಚಿ ಒರಸಿದ.
ಒಂದು ಗೇಣು ಜಾಗದಾಗ ಜಂಗು,
ನಮ್ಮ ಮಣ್ಣಿನದೇ ಬಣ್ಣ.
ಹೊಸಾದು ಹಾಕಿದ. ತಿರುವಿದ.
ಕಟ್.

"ಅರ್ಧಾ ಸಿಕ್ಕಿತು" ಅಂದ, ಖುಷಿಲೇ.

ಹಿಂದ ಕುಕ್ಕರಗಾಲಿಲೇ ಕುಂತು
ಒಂದು ಕಣ್ಣು ಮುಚ್ಚಿದ, ಗ್ವಾಡಿಗೆ ತೂಕದಗುಂಡು ಬಿಟ್ಟ ಗೌಂಡಿಯಂಗ.
"ಯಾವಾಗ ಬಿತ್ತು?"
ಬಿದ್ದೇ ಇಲ್ಲ.
"ನೀ ಮರತಿರಬೇಕು. ಇದು ಮರತಿಲ್ಲ."

ಆಗ ನೆನಪಾತು, ಹುಮನಾಬಾದಿನ ಬಸ್ಸು,
ಟಾಪಿನ ಮ್ಯಾಲ ಉಳ್ಳಾಗಡ್ಡಿ ಚೀಲ, ಅದರ ಬುಡಕ ನನ್ನ ಸೈಕಲ್,
ಕೆಳಗ ಕಿಡಕಿಗೆ ತಲಿ ಕೊಟ್ಟು ನಿದ್ದಿ ಹೊಡದ ನಾನು.

ಗೇರ್ ತೂಗುಬಿಟ್ಟ ಆ ಕಿವಿ
ಬೆರಳಷ್ಟೂ ಇಲ್ಲ. ಬಗ್ಗಿದ್ದು ಅಕ್ಕಿಕಾಳಿನಷ್ಟು.
ಪಂಕ್ಚರಿಗೆ ಬಂದಿದ್ದ ಹುಡುಗ ಸಿದ್ರಾಮನ
ಗೇರ್ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ,
ಅದರ ಅಚ್ಚು ನನ್ನ ಕಿವಿತೂತಿನಾಗ ತಿರುಪಿದ.
ಎರಡು ಚಕ್ರ ಬಾಜು ಬಾಜು.
ಮ್ಯಾಲ ಎರಡು ಬೆರಳು ಸಂದು, ಕೆಳಗ ಮೂರು.
ತನ್ನ ಚಕ್ರ ಇನ್ನೊಬ್ಬರಿಗೆ ಮದ್ದಾದದ್ದು ನೋಡಿ
ಸಿದ್ರಾಮ ಬಾಯಿ ತಗದು ನಿಂತ.

"ಕಬ್ಬಿಣ ಅಲ್ಲಿದು. ಒಂದು ಸಲ ಮಾಫ್ ಮಾಡ್ತದ,
ಎರಡನೇ ಸಲ ಮುರೀತದ."
ಅಂದು, ಹಾಲುಗೂಸಿನ ಕೈ ಹಿಡದಂಗ ಚಕ್ರ ಹಿಡದು
ಮೆಲ್ಲಗ ಜಗ್ಗಿದ.
ಮ್ಯಾಲ ಎರಡೂವರಿ. ಕೆಳಗ ಎರಡೂವರಿ.
ತೊಗೊಂಡಿದ್ದು ಕೇಬಲಿನ ರೊಕ್ಕ ಅಷ್ಟೇ.

ಮರುದಿನ ಮುಂಜಾನಿ ಅದೇ ತಿರುವು.
ಐದು. ನಾಲ್ಕು. ಮೂರು.
ನೀರಿನಾಗ ಕೈ ಇಟ್ಟಂಗ.
ಅಷ್ಟೂ ದಿನ ಆ ಕಟಕಟ ಮುಚ್ಚಿಟ್ಟಿದ್ದ ಒಂದು ಸಪ್ಪಳ
ಆಗ ಕೇಳಿಸಿತು:
ನನ್ನ ಏದುಸುರು.
ಇನ್ನ ನೆಪ ಇಲ್ಲ, ಏರು ಅದ, ನಾ ಅದೀನಿ.

ಏಳನೇದರಾಗ ಒಮ್ಮೊಮ್ಮೆ ಇನ್ನೂ
ಒಂದೇ ಒಂದು ಕಟ್ ಅಂತದ.
ಮಿಸ್ತ್ರಿಗೆ ಹೇಳಿಲ್ಲ.